ಸುಮ್ಮನಿರದ ಬಲಗೈ

ದೇಶ ಅಣುವಿದ್ಯುತ್ತು ಸಾಕೆಂದು ಕೈಮುಗಿದುಬಿಟ್ಟರೆ, ಅಣುಸ್ಥಾವರವನ್ನೇ ನೆಚ್ಚಿಕೊಂಡು ಬೆಳೆದ ಊರು ಏನು ಮಾಡಬೇಕು? ದಿಲ್ಲಿಯಲ್ಲಿ ಕಾನೂನು ಬರೆದವರು ಈ ಪ್ರಶ್ನೆ ಕೇಳಿಕೊಂಡಿದ್ದರೋ ಇಲ್ಲವೋ, ಕೃಷ್ಣಾ ದಂಡೆಯ ಚಿಗರಿಹಾಳದಲ್ಲಿ ಮಾತ್ರ ದಿನಾ ಮಧ್ಯಾಹ್ನ ಗುರಪಾದಪ್ಪನ ಖಾನಾವಳಿಯಲ್ಲಿ ಎರಡನೆಯ ರೊಟ್ಟಿಗೂ ಮೂರನೆಯ ರೊಟ್ಟಿಗೂ ನಡುವೆ ಇದೇ ಮಾತು.

ಯಾವ ಅನಾಹುತವೂ ಆಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಥಾವರ ಸೋರಲಿಲ್ಲ, ಸಿಡಿಯಲಿಲ್ಲ, ಯಾರ ತಲೆಗೂದಲೂ ಉದುರಲಿಲ್ಲ. ಬಿಸಿಲು ಅಗ್ಗವಾಯಿತು, ಅಷ್ಟೇ. ಗಾಳಿಯೂ ಅಗ್ಗವಾಯಿತು. ಹಗಲಿನ ಬಿಸಿಲನ್ನು ಉಪ್ಪಿನ ಬ್ಯಾಟರಿಗಳಲ್ಲಿ ತುಂಬಿಟ್ಟು ಸಂಜೆಗೆ ಬಳಸುವ ವಿದ್ಯೆ ಕೈಗೆ ಬಂತು. ಒಂದು ಅಣುಸ್ಥಾವರ ಕಟ್ಟಿ ಮುಗಿಸುವಷ್ಟರಲ್ಲಿ ಹತ್ತು ಸೌರವನಗಳು ಎದ್ದು ನಿಂತು ಕರೆಂಟು ಕೊಡಲು ಶುರುಮಾಡಿದವು. ಇಪ್ಪತ್ತು ವರ್ಷದೊಳಗೆ ಅಣುಸ್ಥಾವರಗಳನ್ನೆಲ್ಲ ಒಂದೊಂದಾಗಿ ಮುಚ್ಚುವುದೆಂದು ಸಂಸತ್ತು ತೀರ್ಮಾನಿಸಿತು. ಟೀವಿಯಲ್ಲಿ ಕೋಟು ಹಾಕಿಕೊಂಡ ಅರ್ಥಶಾಸ್ತ್ರಜ್ಞರು, ಅಗ್ಗದ ಕರೆಂಟಿಗೆ ಕಾರ್ಖಾನೆಗಳು ಓಡೋಡಿ ಬರುತ್ತವೆ, ದೇಶದ ಭವಿಷ್ಯ ಬಂಗಾರ ಎಂದು ನಕ್ಕರು. ಇರಬಹುದು. ಆದರೆ ಮುಚ್ಚುವ ಪಟ್ಟಿಯಲ್ಲಿ ಎರಡನೆಯ ಹೆಸರು ಚಿಗರಿಹಾಳದ್ದಾಗಿತ್ತು. ಆ ಬಂಗಾರದಲ್ಲಿ ತಮಗೊಂದು ಗುಂಜಿಯಾದರೂ ಸಿಕ್ಕೀತೇ ಎಂಬುದು ಅಲ್ಲಿನ ಸಾವಿರದಿನ್ನೂರು ಮನೆಗಳ ಚಿಂತೆ.

ಉರಿ ಆರಿಸಿ, ಇಂಧನವನ್ನು ನೀರಿನ ಕೊಳಕ್ಕೆ ಇಳಿಸಿ, ಕಾವಲಿಗೆ ಒಂದಿಷ್ಟು ಜನರನ್ನಿಟ್ಟು ಉಳಿದವರನ್ನು ಮನೆಗೆ ಕಳಿಸುವ ಹೊತ್ತಿಗೆ ಸರಿಯಾಗಿ ದೇಶಕ್ಕೆ ಒಂದು ಹೊಸ ತಲೆನೋವು ಶುರುವಾಯಿತು. ಅದು ತೂಕದ ತಲೆನೋವು.

ಬೀಸುಕಲ್ಲು ತಿರುಗಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾರದ ಕಲ್ಲು ಒಮ್ಮೆ ಓಟ ಹಿಡಿಯಿತೆಂದರೆ, ನಡುವೆ ಒಂದು ಹಿಡಿ ಜೋಳ ಜಾಸ್ತಿ ಬಿದ್ದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಗುರ ಕಲ್ಲಾದರೆ ಅಲ್ಲೇ ತಡವರಿಸಿ ನಿಲ್ಲುತ್ತದೆ. ಹಳೆಯ ಸ್ಥಾವರಗಳಲ್ಲಿ ಉಗಿಯಿಂದ ತಿರುಗುತ್ತಿದ್ದ ನೂರಾರು ಟನ್ನಿನ ಯಂತ್ರಗಳಿದ್ದವು. ಎಲ್ಲೋ ಒಂದು ದೊಡ್ಡ ತಂತಿ ಕಡಿದರೂ ಆ ಯಂತ್ರಗಳ ಓಟವೇ ನಾಲ್ಕೈದು ಸೆಕೆಂಡು ದೇಶವನ್ನು ಎತ್ತಿಹಿಡಿಯುತ್ತಿತ್ತು. ಬಿಸಿಲಿಗೆ ಎಲ್ಲಿಯ ತೂಕ? ಬ್ಯಾಟರಿಗಳಿದ್ದವು, ನಿಜ. ಆದರೆ ಸಾವಿರ ಕಡೆ ಹಂಚಿಹೋದ ಬ್ಯಾಟರಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಿ, ಎದ್ದು, ಭಾರ ಹೊರಲು ನಾಲ್ಕು ಸೆಕೆಂಡು ಬೇಕು. ಅಷ್ಟರೊಳಗೆ, ಸೆಕೆಂಡಿಗೆ ಐವತ್ತು ಬಾರಿ ಮಿಡಿಯಬೇಕಾದ ದೇಶದ ಕರೆಂಟು ನಲವತ್ತೊಂಬತ್ತಕ್ಕೆ ಜಾರಿದರೆ ಅರ್ಧ ಭಾರತ ಕತ್ತಲೆ.

ಆಗ ಯಾರಿಗೋ ಹೊಳೆಯಿತು: ಮುಚ್ಚಿದ ಸ್ಥಾವರದ ಜನರೇಟರನ್ನು ಯಾಕೆ ಗುಜರಿಗೆ ಹಾಕಬೇಕು? ಉಗಿಯ ಟರ್ಬೈನನ್ನು ಬಿಚ್ಚಿಹಾಕಿ, ಆ ಜಾಗದಲ್ಲಿ ಇನ್ನೂ ದೊಡ್ಡದೊಂದು ಉಕ್ಕಿನ ಚಕ್ರ ಕಟ್ಟಿ, ಬಿಸಿಲಿನ ಕರೆಂಟಿನಿಂದಲೇ ಅದನ್ನು ಸುಮ್ಮನೆ ತಿರುಗಿಸುತ್ತ ಕೂತರೆ ಆಯಿತು. ಅಣು ಇಲ್ಲ, ಹೊಗೆ ಇಲ್ಲ, ಉರಿ ಇಲ್ಲ. ಬರೀ ತೂಕ. ಆ ತೂಕದ ಸಮಾಧಾನವನ್ನೇ ದೇಶಕ್ಕೆ ಮಾರುವುದು. ಕರೆಂಟಿಗೆ ಆ ಸಮಾಧಾನವಿದ್ದ ಕಡೆ ಗಾಜಿನ ಕಾರ್ಖಾನೆ, ಕಂಪ್ಯೂಟರ್ ಚಿಪ್ಪಿನ ಕಾರ್ಖಾನೆ ಎಲ್ಲವೂ ಬರುತ್ತವೆ. ಈ ಪ್ರಯೋಗಕ್ಕೆ ಮೊದಲು ಆರಿಸಿದ್ದು ಚಿಗರಿಹಾಳದ ಎರಡನೇ ಯೂನಿಟ್ಟನ್ನು. ಮುಚ್ಚಿದ, ಮುಚ್ಚಲಿರುವ ಇನ್ನೂ ಎಂಟು ಸ್ಥಾವರಗಳ ಊರುಗಳು ಉಸಿರು ಬಿಗಿಹಿಡಿದು ಇತ್ತ ನೋಡುತ್ತಿದ್ದವು.

ಷರತ್ತು ಒಂದೇ. ಹಳೆಯ ಸಿಬ್ಬಂದಿ ಎರಡು ಅವಕಾಶಗಳಲ್ಲಿ ಯಂತ್ರವನ್ನು ಸರಿಯಾಗಿ ನಡೆಸಿ ತೋರಿಸಬೇಕು. ಆಗದಿದ್ದರೆ ಯಂತ್ರವನ್ನು ಬೆಂಗಳೂರಿನಿಂದಲೇ ದೂರನಿಯಂತ್ರಣದಲ್ಲಿ ನಡೆಸುತ್ತಾರೆ. ಚಿಗರಿಹಾಳದಲ್ಲಿ ನಾಲ್ಕು ಜನ ಕಾವಲುಗಾರರು, ಎರಡು ನಾಯಿ. ಸಾವಿರದಿನ್ನೂರು ಮನೆಯವರು ಗಂಟುಮೂಟೆ ಕಟ್ಟಬಹುದು.

ನಡೆಸಿ ತೋರಿಸುವವರು ಯಾರು ಎಂಬ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ನೀಲಗಂಗಾ ಹೂಗಾರ. ಖಾನಾವಳಿಯ ಗುರಪಾದಪ್ಪನ ಹೆಂಡತಿ, ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೂತ ಶಿಫ್ಟ್ ಇಂಜಿನಿಯರು. ವಯಸ್ಸು ನಲವತ್ತೊಂಬತ್ತು, ಮಾತು ಕಡಿಮೆ, ಕೈ ಚುರುಕು. ಒಮ್ಮೆ ಪಂಪೊಂದು ಕೆಟ್ಟಾಗ, ಅಲಾರಾಂ ಪೂರ್ತಿ ಬಾಯಿ ತೆರೆಯುವ ಮೊದಲೇ ರಿಯಾಕ್ಟರು ನಿಲ್ಲಿಸಿ ದಿಲ್ಲಿಯಿಂದ ಶಾಲು ಹೊದಿಸಿಕೊಂಡು ಬಂದವಳು. ಆ ಶಾಲನ್ನು ಅತ್ತೆ ಕಲ್ಲವ್ವ ಚಳಿಗಾಲದಲ್ಲಿ ಹೊದ್ದುಕೊಂಡು ಕೂತು, ಬಂದವರಿಗೆಲ್ಲ "ನಮ್ಮ ಸ್ವಸೀದು" ಎಂದು ಹೇಳಿಕೊಳ್ಳುತ್ತಿದ್ದಳು.

ಮೊದಲ ಪರೀಕ್ಷೆಯ ದಿನ ಗುರಪಾದಪ್ಪ ದೊಡ್ಡ ಪಾತ್ರೆಯಲ್ಲಿ ಗೋಧಿ ಹುಗ್ಗಿಗೆ ಇಟ್ಟಿದ್ದ. ಪರೀಕ್ಷೆ ಮುಗಿಯುವುದರೊಳಗೆ ಬೆಲ್ಲವನ್ನೂ ಹಾಕಿಬಿಟ್ಟಿದ್ದ. ಹೆಂಡತಿಯ ಮೇಲೆ ಅಷ್ಟು ನಂಬಿಕೆ.

ಪರೀಕ್ಷೆಗೆ ಬಂದವಳು ವನಮಾಲಾ ಶ್ಯಾನುಭೋಗ್, ವಿದ್ಯುತ್ ಜಾಲದ ಕೇಂದ್ರದ ಅಧಿಕಾರಿ. ಮೈಸೂರು ಕಡೆಯವಳು, ಮೂವತ್ತೆರಡರ ಪ್ರಾಯ, ಇಸ್ತ್ರಿ ಕೆಡದ ಹತ್ತಿಸೀರೆ, ಇಸ್ತ್ರಿ ಮಾಡಿದಂಥದೇ ಮಾತು. "ನೋಡಿ ಮೇಡಂ, ನಾವು ಬೇಕೂಂತಲೇ ಒಂದು ದೊಡ್ಡ ಲೈನ್ ಕಟ್ ಮಾಡ್ತೀವಿ. ಫ್ರೀಕ್ವೆನ್ಸಿ ಬೀಳತ್ತೆ. ನಿಮ್ಮ ಯಂತ್ರ ಹಿಡ್ಕೋಬೇಕು. ನೀವು ಏನೂ ಮಾಡಬೇಕಾಗಿಲ್ಲ. ಯಂತ್ರಕ್ಕೆ ಅಪಾಯ ಇದ್ದರೆ ಮಾತ್ರ ನಿಲ್ಲಿಸಿ" ಎಂದಳು.

ನೀಲಗಂಗಾ ತಲೆಯಾಡಿಸಿದಳು. ಏನೂ ಮಾಡದಿರುವುದಕ್ಕಿಂತ ಸುಲಭದ ಕೆಲಸ ಯಾವುದಿದೆ?

ಲೈನು ಕಡಿದರು. ಪರದೆಯ ಮೇಲೆ ಐವತ್ತು ನಲವತ್ತೊಂಬತ್ತೂ ಚಿಲ್ಲರೆಗೆ ಇಳಿಯಿತು. ಇಪ್ಪತ್ತಾರು ವರ್ಷದಿಂದ ಪರಿಚಯವಿದ್ದ ಅದೇ ಅಲಾರಾಂ ಕೂಗಿತು, ಅದೇ ಕೆಂಪು ದೀಪ ಹತ್ತಿತು. ಮತ್ತು ನೀಲಗಂಗಾಳ ಬಲಗೈ, ಯಾರನ್ನೂ ಕೇಳದೆ, ಅವಳನ್ನೂ ಕೇಳದೆ, ಮೇಜಿನ ಬಲಮೂಲೆಗೆ ಹೋಗಿ ಕೆಂಪು ಗುಂಡಿ ಒತ್ತಿಬಿಟ್ಟಿತು.

ಯಂತ್ರ ಜಾಲದಿಂದ ಕಳಚಿಕೊಂಡಿತು. ಕೈಹಿಡಿಯಬೇಕಾದ ಹೊತ್ತಿಗೆ ಸರಿಯಾಗಿ ಕೈಬಿಟ್ಟಿತು. ಇದು ಪರೀಕ್ಷೆಯಾದ್ದರಿಂದ ಕೇಂದ್ರದವರು ಮೊದಲೇ ಮಾಡಿಟ್ಟ ವ್ಯವಸ್ಥೆಯಿಂದ ಜಾಲವನ್ನು ಉಳಿಸಿಕೊಂಡರು. ನೀಲಗಂಗಾ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಳು.

"ಒಂದೂ ಕಾಲು ಸೆಕೆಂಡು" ಎಂದಳು ವನಮಾಲಾ, ಗಡಿಯಾರ ನೋಡಿ. "ಇಷ್ಟು ಬೇಗ ಕೈ ಓಡೋದನ್ನ ನಾನು ಎಲ್ಲೂ ನೋಡಿಲ್ಲ. ಆದರೆ ಮೇಡಂ, ಇದು ಉಲ್ಟಾ ಕೆಲಸ. ಇನ್ನೊಂದು ಅವಕಾಶ ಇದೆ, ಹದಿನೈದು ದಿನಕ್ಕೆ ಬರ್ತೀನಿ."

ತಪ್ಪು ಯಾರದು? ಹೇಳಿ ನೋಡೋಣ. ರಿಯಾಕ್ಟರಿನ ಕಾಲದಲ್ಲಿ ಆ ಕೋಣೆಯಲ್ಲಿ ವೇದವಾಕ್ಯ ಒಂದೇ ಇತ್ತು: ಸಂಶಯ ಬಂತೋ, ನಿಲ್ಲಿಸು. ನಿಲ್ಲಿಸಿದ್ದಕ್ಕೆ ಯಾರೂ ಬೈಯುವುದಿಲ್ಲ, ನಿಲ್ಲಿಸದಿದ್ದರೆ ದೇವರೂ ಕಾಯುವುದಿಲ್ಲ. ಕೈಗೆ ಅದನ್ನೇ ಕಲಿಸಿದ್ದರು, ಅದಕ್ಕೇ ಶಾಲು ಹೊದಿಸಿದ್ದರು. ಈಗ ಜಾಲ ತತ್ತರಿಸುವ ಗಳಿಗೆಯಲ್ಲೇ ಯಂತ್ರ ನಿಲ್ಲದೆ ಗಟ್ಟಿಯಾಗಿ ತಿರುಗುತ್ತಿರಬೇಕು. ಕೈಗೆ ಇದನ್ನು ಯಾರು ಹೇಳಬೇಕು?

ಖಾನಾವಳಿಯಲ್ಲಿ ಹುಗ್ಗಿ ಉಳಿಯಿತು. ತಿಂದವರು ತಲೆತಗ್ಗಿಸಿ ತಿಂದರು. ಕಲ್ಲವ್ವ ಮಾತ್ರ ಎರಡು ಬಟ್ಟಲು ತಿಂದು, ಸೊಸೆಯನ್ನು ಹತ್ತಿರ ಕೂರಿಸಿಕೊಂಡಳು.

"ಅಳಬ್ಯಾಡ ಯವ್ವಾ. ನೀ ಏನ್ ಕಳ್ಳತನ ಮಾಡೀಯೇನು?"

"ಕಳ್ಳತನ ಮಾಡಿದ್ರ ಛಲೋ ಇತ್ತು ಅತ್ತಿ. ಊರೇ ನನ್ನ ಕೈಯಾಗ ಕೊಟ್ಟಿತ್ತು. ಈ ಹಾಳ ಕೈಯಾಗ" ಎಂದು ನೀಲಗಂಗಾ ಬಲಗೈಗೆ ಎಡಗೈಯಿಂದ ಒಂದು ಏಟು ಹಾಕಿಕೊಂಡಳು. ಆಮೇಲೆ ತಡೆಯಲಾಗದೆ ಅತ್ತಳು. ಇಪ್ಪತ್ತಾರು ವರ್ಷದಲ್ಲಿ ಅವಳು ಕೆಲಸದ ವಿಷಯಕ್ಕೆ ಅತ್ತದ್ದು ಅದೇ ಮೊದಲು.

ಮರುದಿನದಿಂದ ತರಬೇತಿ ಕೋಣೆಯಲ್ಲಿ ಅಭ್ಯಾಸ ಶುರುವಾಯಿತು. ನಿಜವಾದ ಕಂಟ್ರೋಲ್ ರೂಮಿನ ತದ್ರೂಪು ಅದು. ಗುಂಡಿಗಳೆಲ್ಲ ಇವೆ, ಹಿಂದೆ ಯಂತ್ರವಿಲ್ಲ. ಜೊತೆಗಿದ್ದವರು ಮೆಹಬೂಬ್ ನದಾಫ್ ಸಾಹೇಬರು, ಐವತ್ತೊಂಬತ್ತರ ಹಿರಿಯ ಆಪರೇಟರು. ನಿಧಾನದ ಮನುಷ್ಯ. ಅವರು ಚಹಾದ ಬಸಿಯನ್ನು ಬಾಯಿಗೆ ಒಯ್ಯುವುದರೊಳಗೆ ಬೇರೆಯವರು ಎರಡು ಕಪ್ಪು ಕುಡಿದು ಮುಗಿಸಿರುತ್ತಿದ್ದರು.

ಅಲಾರಾಂ ಕೂಗಿಸಿದರು, ಕೈ ಹೋಯಿತು. ಮತ್ತೆ ಕೂಗಿಸಿದರು, ಮತ್ತೆ ಹೋಯಿತು. ಹನ್ನೆರಡಕ್ಕೆ ಹನ್ನೊಂದು ಬಾರಿ. ಹನ್ನೆರಡನೆಯ ಬಾರಿ ಹೋಗದಿದ್ದದ್ದು ಸೀನು ಬಂದಿದ್ದರಿಂದ.

"ಗುಂಡೀನs ಕಿತ್ತು ಒಗೀರಿ ಅತ್ಲಾಗ" ಎಂದು ಯಾರೋ ಸಲಹೆ ಕೊಟ್ಟರು. ಆಗುವ ಮಾತಲ್ಲ. ಇನ್ನೂರು ಟನ್ನಿನ ಉಕ್ಕು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತಿರುವಾಗ ಬೇರಿಂಗು ಏನಾದರೂ ಹೋದರೆ ಮಾಳಿಗೆಯೇ ಹಾರಿಹೋಗುತ್ತದೆ. ನಿಲ್ಲಿಸುವ ಗುಂಡಿ ಇರಲೇಬೇಕು. ಅದಕ್ಕೆ ಗಾಜಿನ ಮುಚ್ಚಳ ಹಾಕಿ ನೋಡಿದರು. ನೀಲಗಂಗಾಳ ಹೆಬ್ಬೆರಳು ಎರಡನೆಯ ಸಲಕ್ಕೇ ಮುಚ್ಚಳ ಹಾರಿಸುವುದನ್ನು ಕಲಿತುಬಿಟ್ಟಿತು. ಕೈಗೆ ಟವೆಲು ಕಟ್ಟಿದರು. ಎಡಗೈ ಹೋಯಿತು. ನದಾಫ್ ಸಾಹೇಬರು ನಕ್ಕು ನಕ್ಕು ಕೆಮ್ಮಿದರು.

"ನಗಬ್ಯಾಡ್ರಿ ಸಾಹೇಬ್ರ. ನೀವು ಕುಂದರ್ರಿ ನೋಡೂಣು" ಎಂದಳು ನೀಲಗಂಗಾ.

ಸಾಹೇಬರು ಕೂತರು. ಅಲಾರಾಂ ಕೂಗಿತು. ಚಹಾದ ಬಸಿ ಎತ್ತಲು ಅಷ್ಟು ಹೊತ್ತು ಹಿಡಿಯುವ ಆ ಕೈ ಒಂದೂವರೆ ಸೆಕೆಂಡಿನಲ್ಲಿ ಗುಂಡಿಯ ಮೇಲಿತ್ತು. ಸಾಹೇಬರ ನಗು ನಿಂತಿತು. ಆಮೇಲೆ ಊರಿನ ಹತ್ತೊಂಬತ್ತು ಲೈಸೆನ್ಸುದಾರ ಆಪರೇಟರುಗಳನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ನೋಡಿದರು. ಹತ್ತೊಂಬತ್ತಕ್ಕೆ ಹತ್ತೊಂಬತ್ತು. ಇಡೀ ಚಿಗರಿಹಾಳಕ್ಕೆ ಒಂದೇ ಬಲಗೈ.

ಹೀಗೆ ಹತ್ತು ದಿನ ಕಳೆದವು. ಹನ್ನೊಂದನೆಯ ದಿನ ಸ್ಥಾವರದ ಮುಖ್ಯಸ್ಥರು ನೀಲಗಂಗಾಳಿಗೆ ಕಡ್ಡಾಯವಾಗಿ ರಜೆ ಕೊಟ್ಟು ಮನೆಗೆ ಕಳಿಸಿದರು. ಮನೆಯೆಂದರೆ ಖಾನಾವಳಿಯ ಹಿಂಭಾಗವೇ. ಮಧ್ಯಾಹ್ನದ ಗದ್ದಲ. ಕಲ್ಲವ್ವ ರೊಟ್ಟಿ ಬಡಿಯುತ್ತಿದ್ದಳು, ಗುರಪಾದಪ್ಪ ಎಣ್ಣೆಗಾಯಿಯ ಬಾಣಲೆ ಮುಂದೆ ನಿಂತಿದ್ದ. ಸುಮ್ಮನೆ ಕೂರಲಾರದೆ ನೀಲಗಂಗಾ ಒಲೆಯ ಪಕ್ಕ ಈರುಳ್ಳಿ ಹೆಚ್ಚಲು ನಿಂತಳು.

ಒಗ್ಗರಣೆ ಚಟಪಟ ಅಂದಿತು, ಎಣ್ಣೆಯಿಂದ ಭಗ್ ಎಂದು ಒಂದು ಚೂರು ಉರಿ ಎದ್ದಿತು. ನೀಲಗಂಗಾಳ ಕೈ ಹೋಗಿ ಗ್ಯಾಸು ಆರಿಸಿತು.

"ಏ ನೀಲಾ, ಒಗ್ಗರಣಿ ಕೆಡಿಸಿದೆಲ್ಲ!" ಗುರಪಾದಪ್ಪ ಮತ್ತೆ ಹಚ್ಚಿದ. ಎರಡು ನಿಮಿಷಕ್ಕೆ ಮತ್ತೆ ಉರಿ ಎದ್ದಿತು, ಮತ್ತೆ ಗ್ಯಾಸು ಆರಿತು. ಮೂರನೆಯ ಸಲ ಗುರಪಾದಪ್ಪನಿಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಇಪ್ಪತ್ತು ಜನ ತಟ್ಟೆ ಮುಂದೆ ಕೂತಿದ್ದಾರೆ.

"ನಮಸ್ಕಾರ ತಾಯೀ. ಇನ್ನ ಮ್ಯಾಲ ಆರ್ಸಬೇಕಂದ್ರ ನನ್ನ ಕೇಳಿ ಆರ್ಸು. ನಿಮ್ಮ ಪ್ಲ್ಯಾಂಟಿನ್ಯಾಗ ಹೆಂಗ ಕೇಳ್ತೀರಿ, ಹಂಗs ಕೇಳು."

ಪ್ಲ್ಯಾಂಟಿನಲ್ಲಿ ಕೇಳುವ ರೀತಿ ಅಂದರೆ ಅದೊಂದು ವ್ರತ. ಒಬ್ಬರು ತಾವು ಮಾಡಲಿರುವ ಕೆಲಸವನ್ನು ಗಟ್ಟಿಯಾಗಿ ಹೇಳಬೇಕು. ಪಕ್ಕದವರು ಮೀಟರು ನೋಡಿ, ಅದನ್ನೇ ತಿರುಗಿ ಹೇಳಬೇಕು. ಹೇಳಿದ ಮೇಲೆಯೇ ಬೆರಳು ಅಲ್ಲಾಡಬೇಕು. ಈ ಚಟ ಊರಿಗೇ ಅಂಟಿತ್ತು. ಚಿಗರಿಹಾಳದಲ್ಲಿ ಕಿರಾಣಿ ಅಂಗಡಿಯವನಿಗೆ ಅರ್ಧ ಕಿಲೋ ಸಕ್ಕರೆ ಎಂದರೆ ಅವನೂ "ಅರ್ಧ ಕಿಲೋ ಸಕ್ರಿ" ಎನ್ನುತ್ತಾನೆ, ನೀವು "ಹೌದು" ಅನ್ನುವವರೆಗೂ ತಕ್ಕಡಿ ಮುಟ್ಟುವುದಿಲ್ಲ. ಬೀಗರು ಬಂದರೆ ಇದನ್ನು ನೋಡಿ ನಗುತ್ತಾರೆ.

ನಾಲ್ಕನೆಯ ಸಲ ಉರಿ ಎದ್ದಿತು. ನೀಲಗಂಗಾಳ ಕೈ ಹೋಯಿತು, ಜೊತೆಗೆ ಈ ಸಲ ಬಾಯಿಯೂ ಹೋಯಿತು. "ಗ್ಯಾಸ್ ಆರ್ಸ್ತೀನಿ!"

"ಬ್ಯಾಡ" ಎಂದ ಗುರಪಾದಪ್ಪ ಬದನೆಕಾಯಿ ಮಗುಚುತ್ತ.

ಕೈ ನಿಂತಿತು.

ಗುಂಡಿಗೆ ಎರಡು ಬೆರಳು ದೂರದಲ್ಲಿ, ಗಾಳಿಯಲ್ಲಿ, ಅಪ್ಪಣೆಗೆ ಕಾದು ನಿಂತಿತು. ನೀಲಗಂಗಾ ಅದನ್ನೇ ನೋಡಿದಳು. ಉರಿ ತಾನಾಗಿ ತಗ್ಗಿತು. ಎಣ್ಣೆಗಾಯಿ ಘಮಘಮ ಅಂದಿತು.

"ಏನ್ರೀ, ಇನ್ನೊಮ್ಮೆ ಉರಿ ಎಬ್ಬಸ್ರಿ!"

"ಹುಚ್ಚು ಹಿಡೀತೇನ?"

"ಎಬ್ಬಸ್ರೀ ಅಂದ್ರ!"

ಗುರಪಾದಪ್ಪ ಹೆಂಡತಿಯ ಮುಖ ನೋಡಿ ಬೆಪ್ಪಾಗಿ ಇನ್ನೊಂದು ಹನಿ ಎಣ್ಣೆ ಹಾರಿಸಿದ. "ಗ್ಯಾಸ್ ಆರ್ಸ್ತೀನಿ!" "ಬ್ಯಾಡ!" ಕೈ ನಿಂತಿತು. ಮತ್ತೊಮ್ಮೆ. ಮತ್ತೂ ಒಮ್ಮೆ. ಹೊರಗೆ ಕೂತವರು ಒಳಗೆ ಗಂಡಹೆಂಡತಿ ಜಗಳ ಹತ್ತಿದೆಯೆಂದು ಕಿವಿ ನಿಮಿರಿಸಿದರು. ನೀಲಗಂಗಾ ಈರುಳ್ಳಿಯ ಕೈಯಲ್ಲೇ ಸ್ಕೂಟರು ಹತ್ತಿ ಸ್ಥಾವರಕ್ಕೆ ಓಡಿದಳು.

ಅವಳಿಗೆ ಹೊಳೆದದ್ದು ಇಷ್ಟೇ. ಆ ಕೋಣೆಯಲ್ಲಿ ಎಂಟುನೂರು ಗುಂಡಿಗಳಿದ್ದವು, ಎಲ್ಲಕ್ಕೂ ಹೇಳಿ, ಕೇಳಿ, ಒತ್ತುವ ನಿಯಮವಿತ್ತು. ಒಂದೇ ಒಂದು ಗುಂಡಿಗೆ ವಿನಾಯಿತಿ. ಕೆಂಪು ಗುಂಡಿಯನ್ನು, ಅಂದರೆ ಯಂತ್ರ ನಿಲ್ಲಿಸುವ ಟ್ರಿಪ್ ಗುಂಡಿಯನ್ನು, ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾರನ್ನೂ ಕೇಳದೆ ಒತ್ತಬಹುದಿತ್ತು. ರಿಯಾಕ್ಟರಿಗೆ ಅದು ಸರಿ. ಈಗ ರಿಯಾಕ್ಟರೇ ಇಲ್ಲ, ವಿನಾಯಿತಿ ಮಾತ್ರ ಕೈಯಲ್ಲಿ ಉಳಿದುಕೊಂಡಿದೆ. ಕೈಗೆ ಸುಮ್ಮನಿರು ಎಂದರೆ ತಿಳಿಯುವುದಿಲ್ಲ. ಕೇಳು ಎಂದರೆ ತಿಳಿಯುತ್ತದೆ.

"ಅಂದ್ರ ನೀ ಟ್ರಿಪ್ ಅಂತಿ, ನಾ ಬೇರಿಂಗು ನೋಡ್ತೀನಿ, ಕಂಪನ ನೋಡ್ತೀನಿ" ಎಂದರು ನದಾಫ್ ಸಾಹೇಬರು ಬಸಿ ಕೆಳಗಿಟ್ಟು. "ಯಂತ್ರಕ್ಕ ಕೇಡು ಕಂಡ್ರ ನಾನೂ ಟ್ರಿಪ್ ಅಂತೀನಿ. ಕಾಣಲಿಲ್ಲಂದ್ರ ಬ್ಯಾಡ ಅಂತೀನಿ. ಅಷ್ಟರಾಗ ನಾಕು ಸೆಕೆಂಡು ಹೋಗೇಬಿಡ್ತಾವು!"

"ನಿಮ್ಮ ಕೈಯಾಗಿದ್ರ ಎಂಟು ಸೆಕೆಂಡು ಹೋಗ್ತಾವ್ರಿ ಸಾಹೇಬ್ರ."

"ಮಷ್ಕಿರಿ ಮಾಡ್ತೀ ಹೌದಲ್ಲ ತಂಗೀ? ಇವತ್ತಿಗೆ ಈ ನಿಧಾನ ಊರಿಗೆ ಬೇಕಾತು ನೋಡು."

ಅಂದು ಹನ್ನೆರಡಕ್ಕೆ ಹನ್ನೆರಡೂ ಸರಿಯಾದವು. ಮಧ್ಯೆ ಮಧ್ಯೆ ಬೇರಿಂಗು ಕೆಟ್ಟಂತೆ ಸುಳ್ಳು ಸೂಚನೆ ಕೊಟ್ಟು ನೋಡಿದರು. ಸಾಹೇಬರು ಅದನ್ನು ಹಿಡಿದು "ಟ್ರಿಪ್" ಎಂದರು, ಕೈ ಒತ್ತಿತು. ಮುಖ್ಯಸ್ಥರು ನಿಯಮದ ಪುಸ್ತಕದಲ್ಲಿ ಒಂದು ಸಾಲು ಹೊಡೆದುಹಾಕಿ, ಒಂದು ಸಾಲು ಬರೆದು, ಕೇಂದ್ರದ ಒಪ್ಪಿಗೆ ತರಿಸಿದರು. ಆದರೂ ತರಬೇತಿ ಕೋಣೆ ಬೇರೆ, ನಿಜದ ಕೋಣೆ ಬೇರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಖ್ಯವಾಗಿ ನೀಲಗಂಗಾಳಿಗೆ.

ಎರಡನೆಯ ಪರೀಕ್ಷೆ ಮಧ್ಯಾಹ್ನ ನಾಲ್ಕಕ್ಕೆ ಎಂದು ಗೊತ್ತುಮಾಡಿದ್ದರು. ಊರು ಬೆಳಗಿನಿಂದಲೇ ಮುಖ ಸಣ್ಣ ಮಾಡಿಕೊಂಡಿತ್ತು. ಗುರಪಾದಪ್ಪ ಈ ಸಲ ಹುಗ್ಗಿಯ ಮಾತೇ ಎತ್ತಲಿಲ್ಲ. ಕಲ್ಲವ್ವ ಮನೆದೇವರಿಗೆ ಕಾಯಿ ಒಡೆಸುವುದಾಗಿ ಹರಕೆ ಹೊತ್ತಳು. ಒಂದು ಕಾಯಿ ಕಡಿಮೆಯಾಯಿತೇನೋ ಎನ್ನಿಸಿ ಐದಕ್ಕೆ ಏರಿಸಿದಳು.

ವನಮಾಲಾ ಹನ್ನೊಂದು ಗಂಟೆಗೇ ಬಂದು, ಕಂಟ್ರೋಲ್ ರೂಮಿನ ಹಿಂದಿನ ಕುರ್ಚಿಯಲ್ಲಿ ಕೂತು ಕಾಗದಪತ್ರ ಬಿಡಿಸಿದಳು. ಯಂತ್ರ ಬೆಳಗಿನಿಂದ ಜಾಲಕ್ಕೆ ಕೂಡಿಕೊಂಡು ಗುಂಯ್ ಎಂದು ತಿರುಗುತ್ತಿತ್ತು. ಅವಳಿಗೆ ಚಹಾ ತಂದುಕೊಟ್ಟರು. ಗಡಿಯಾರದಲ್ಲಿ ಹನ್ನೊಂದೂ ನಲವತ್ತು. ಇದೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅವಳು ಆ ಚಹಾವನ್ನು ಕುಡಿಯಲೇ ಇಲ್ಲ.

ಐನೂರು ಕಿಲೋಮೀಟರು ಆಚೆ, ದಕ್ಷಿಣದ ಎಲ್ಲಕ್ಕಿಂತ ದೊಡ್ಡ ಸೌರವನದ ಪಕ್ಕದ ಊರಿನಲ್ಲಿ ಒಂದು ಮದುವೆ ನಡೆದಿತ್ತು. ಸುಂಟರಗಾಳಿ ಎದ್ದು, ಶಾಮಿಯಾನವನ್ನು ಬುಡಸಮೇತ ಎತ್ತಿಕೊಂಡು ಹೋಗಿ, ಸೌರವನದ ಮುಖ್ಯ ತಂತಿಗಳ ಮೇಲೆ ಹೊದಿಸಿಬಿಟ್ಟಿತು. ಮದುಮಕ್ಕಳಿಗೆ ಏನೂ ಆಗಲಿಲ್ಲ. ಊಟಕ್ಕೆ ಕೂತವರ ಎಲೆಗೆ ಮಣ್ಣು ಬಿತ್ತು ಅಷ್ಟೇ. ಆದರೆ ಆ ಒಂದು ಕ್ಷಣದಲ್ಲಿ ನಾಲ್ಕು ರಾಜ್ಯಗಳಿಗೆ ಸಾಕಾಗುವಷ್ಟು ಕರೆಂಟು ಜಾಲದಿಂದ ಮಾಯವಾಯಿತು.

ಚಿಗರಿಹಾಳದ ಅಲಾರಾಂ ಕೂಗಿತು. ಕೆಂಪು ದೀಪಗಳು ಒಂದಲ್ಲ, ಆರು ಹತ್ತಿದವು. ಪರದೆಯ ಮೇಲೆ ಅಂಕಿಗಳು ಮೆಟ್ಟಿಲಿನಿಂದ ಉರುಳಿದಂತೆ ಇಳಿದವು. ಇದು ಪರೀಕ್ಷೆಯಲ್ಲ ಎಂದು ನೀಲಗಂಗಾಳಿಗೆ ತಟ್ಟನೆ ತಿಳಿಯಿತು. ಬಲಗೈ ಆಗಲೇ ಹೊರಟುಬಿಟ್ಟಿತ್ತು.

"ಯೂನಿಟ್ ಎರಡು, ಟ್ರಿಪ್ ಮಾಡ್ತೀನಿ!"

ಮುಚ್ಚಳ ಹಾರಿತ್ತು. ಬೆರಳು ಗುಂಡಿಯ ಮೇಲಿತ್ತು. ನದಾಫ್ ಸಾಹೇಬರು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. ಅಯ್ಯೋ, ಬೇಗ ಹೇಳಬಾರದೇ ಈ ಮನುಷ್ಯ! ಗೋಡೆ ನಡುಗುತ್ತಿತ್ತು. ಕೆಳಗೆ ಇನ್ನೂರು ಟನ್ ಉಕ್ಕು ನಾಲ್ಕು ರಾಜ್ಯಗಳ ಭಾರವನ್ನು ಬೆನ್ನ ಮೇಲೆ ಹೊತ್ತು ಗುರುಗುಟ್ಟಿತು. ನಲವತ್ತೊಂಬತ್ತೂ ಮುಕ್ಕಾಲು. ನಲವತ್ತೊಂಬತ್ತೂವರೆ. ಅವಳ ಇಪ್ಪತ್ತಾರು ವರ್ಷ ಒತ್ತು, ಒತ್ತು ಎಂದು ಕಿವಿಯಲ್ಲಿ ಕಿರುಚಿತು.

"ಬೇರಿಂಗ್ ತಂಪೈತಿ" ಎಂದರು ಸಾಹೇಬರು, ಪ್ರತಿ ಅಕ್ಷರವನ್ನೂ ಬಿಡಿಸಿ. "ಕಂಪನ ಹದದಾಗ ಐತಿ. ಯೂನಿಟ್ ಎರಡು." ಇಲ್ಲೊಂದು ಉಸಿರು ಎಳೆದುಕೊಂಡರು. "ಟ್ರಿಪ್ ಬ್ಯಾಡ."

"ಟ್ರಿಪ್ ಬ್ಯಾಡ" ಎಂದಳು ನೀಲಗಂಗಾ. ಕೈ ಗುಂಡಿಯನ್ನು ಬಿಟ್ಟು ಮೇಲೆ ಬಂತು.

ಅಂಕಿಗಳು ನಲವತ್ತೊಂಬತ್ತೂ ಚಿಲ್ಲರೆಯಲ್ಲಿ ನಿಂತವು. ಒಂದು ಗಳಿಗೆ ಅಲ್ಲೇ ಒದ್ದಾಡಿದವು. ಅಷ್ಟರಲ್ಲಿ ದೇಶದ ಮೂಲೆ ಮೂಲೆಯ ಬ್ಯಾಟರಿಗಳು ಎದ್ದು ಹೆಗಲು ಕೊಟ್ಟವು. ಅಂಕಿ ಮೇಲೇರಿತು. ಐವತ್ತು. ಅಲಾರಾಂ ಬಾಯಿ ಮುಚ್ಚಿತು.

ಆಮೇಲೆ ಕೇಂದ್ರದ ಫೋನು ಬಂತು. ವನಮಾಲಾ ಎತ್ತಿಕೊಂಡು "ಹೌದು... ಹೌದು... ನಾನು ಇಲ್ಲೇ ಇದೀನಿ... ಇಲ್ಲ ಸಾರ್, ರಿಮೋಟ್ ಅಲ್ಲ, ಇವರೇ" ಎನ್ನುತ್ತ ಹೋದಳು. ಫೋನಿಟ್ಟಾಗ ಆ ಇಸ್ತ್ರಿಯ ಮುಖದಲ್ಲಿ ಗೆರೆಗಳು ಬಿದ್ದಿದ್ದವು. "ಈ ಯಂತ್ರ ಇರದಿದ್ದರೆ ಹನ್ನೆರಡು ಕೋಟಿ ಮನೆ ಕತ್ತಲಾಗ್ತಿತ್ತಂತೆ ಮೇಡಂ."

"ನಾಕು ಗಂಟೇದ ಪರೀಕ್ಷಾ?" ಎಂದಳು ನೀಲಗಂಗಾ.

"ಇನ್ನೇನು ಪರೀಕ್ಷೆ ಮಾಡ್ಲಿ ನಾನು?" ವನಮಾಲಾ ನಗುತ್ತಲೇ ಕಣ್ಣೊರೆಸಿಕೊಂಡು ಕಾಗದಕ್ಕೆ ಸಹಿ ಹಾಕಿದಳು. "ಆ ಎಂಟು ಊರುಗಳಿಗೂ ನಿಮ್ಮವರೇ ಹೋಗಿ ಕಲಿಸಬೇಕು. ನದಾಫ್ ಸಾರ್ ತರ ಒಬ್ಬರನ್ನ ಪ್ರತಿ ಊರಿಗೂ ಎಲ್ಲಿಂದ ತರೋದು ಅನ್ನೋದೇ ಈಗ ಸಮಸ್ಯೆ."

ನದಾಫ್ ಸಾಹೇಬರು ಈ ಹೊಗಳಿಕೆಯನ್ನು ನಿಧಾನವಾಗಿ ಆಸ್ವಾದಿಸಿದರು.

ಪಾಳಿ ಬದಲಿಸಿ ನೀಲಗಂಗಾ ಊಟದ ಹೊತ್ತಿಗೆ ಖಾನಾವಳಿಗೆ ಬಂದಳು. ಕಾಲುಗಳು ನೆಲದ ಮೇಲೆ ಇರಲಿಲ್ಲ. ಒಳಗೆ ಮಾತ್ರ ಸೂತಕದ ಕಳೆ. ಫ್ಯಾನು ತಿರುಗುತ್ತಿತ್ತು, ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಪುಡಿಯಾಗುತ್ತಿತ್ತು. ಮೂಲೆಯ ಟೀವಿಯಲ್ಲಿ ಅದೇ ಕೋಟಿನವರೊಬ್ಬರು ದೇಶದ ಆರ್ಥಿಕ ಭವಿಷ್ಯ ವಿವರಿಸುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ನಾಲ್ಕು ಗಂಟೆಯನ್ನು ಕಾಯುತ್ತಿದ್ದರು.

"ಇನ್ನ ಎಷ್ಟೊತ್ತೈತಿ ಯವ್ವಾ?" ಎಂದಳು ಕಲ್ಲವ್ವ, ಹಿಟ್ಟಿನ ಕೈ ಎತ್ತದೆ.

"ಮುಗೀತ್ರಿ ಅತ್ತಿ. ಪಾಸಾತು."

ಕಲ್ಲವ್ವನ ಕೈಯಲ್ಲಿದ್ದ ರೊಟ್ಟಿ ಅರ್ಧಕ್ಕೇ ನಿಂತಿತು. ಗುರಪಾದಪ್ಪ ಸೌಟು ಹಿಡಿದುಕೊಂಡೇ ಹೊರಗೆ ಬಂದ. "ಯಾವಾಗ? ನಾಕು ಗಂಟೆಗೆ ಅಲ್ಲೇನ?"

"ಹನ್ನೊಂದೂ ನಲವತ್ತಕ್ಕ. ಪರೀಕ್ಷಾ ಅಲ್ರೀ, ಖರೇನ ಕರೆಂಟು ಬಿದ್ದಿತ್ತು. ಅರ್ಧ ದೇಶ ಕತ್ತಲಾಗೂದಿತ್ತು."

ಕಲ್ಲವ್ವ ಅತ್ತಿತ್ತ ನೋಡಿದಳು. ದೀಪ ನೋಡಿದಳು, ಮಿಕ್ಸರು ನೋಡಿದಳು, ಟೀವಿ ನೋಡಿದಳು. ಸೊಸೆ ಸುಳ್ಳು ಹೇಳುವವಳಲ್ಲ. ಆದರೂ ನಂಬಿಕೆ ಬರಲೊಲ್ಲದು. "ಹನ್ನೊಂದೂ ನಲವತ್ತಕ್ಕ ನಾ ಇದ ಮಿಕ್ಸರ್ ಹಚ್ಚಿ ಕುಂತಿದ್ನೆಲ್ಲವ್ವಾ. ಒಂದು ಸಲಾನೂ ನಿಂದ್ರಲಿಲ್ಲ. ನಮಗ ಏನೂ ಆಗ್ಲಿಲ್ಲಲ್ಲ!"

"ಹೌದ್ರಿ ಅತ್ತಿ" ಎಂದಳು ನೀಲಗಂಗಾ. ನಗಬೇಕೆಂದು ಬಾಯಿ ತೆರೆದಳು, ಅಳು ಬಂದುಬಿಟ್ಟಿತು. "ಏನೂ ಆಗ್ಲಿಲ್ಲ."